ನಾಲೆಯ ಮೇಲೆ ನಡೆಯುವ ಜಂಬೂಸವಾರಿ

ವಿಜಯದಶಮಿಯ ದಿನ ಅಂಬಾರಿ ಹೊತ್ತ ಆನೆ ಕೆ.ಆರ್. ವೃತ್ತ ದಾಟಿ ಸಯ್ಯಾಜಿರಾವ್ ರಸ್ತೆಗೆ ಹೊರಳಿದಾಗ ಅದರ ಹೆಜ್ಜೆ ಬೀಳುವುದು ಒಂದು ಹಳೆಯ ನಾಲೆಯ ಜಾಡಿನ ಮೇಲೆ. ಕಾವೇರಿ ನೀರನ್ನು ಮೈಸೂರಿಗೆ ತರಬೇಕೆಂದು ದಿವಾನ್ ಪೂರ್ಣಯ್ಯನವರು ತೋಡಿಸಲು ಹೊರಟ ಕಾಲುವೆ ಅದು. ಕೆಲಸ ಕೈಗೂಡಲಿಲ್ಲ, ನದಿ ನೀರು ಊರು ಮುಟ್ಟಲಿಲ್ಲ. ಊರೊಳಗಿನ ಭಾಗ ಕೊಳಚೆ ಮಡುಗಟ್ಟುವ ತಗ್ಗಾಗಿ ಬಹುಕಾಲ ಉಳಿಯಿತು. ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ ಅದನ್ನು ಮುಚ್ಚಿಸಿ, ಮೇಲೊಂದು ಅಗಲವಾದ ರಸ್ತೆ ಮಾಡಿ, ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ಹೆಸರಿಟ್ಟರು. ನಾಲೆ ಮುಚ್ಚಿದ್ದು ಸೊಳ್ಳೆ, ದುರ್ವಾಸನೆ, ಜ್ವರಗಳ ಕಾಟ ತಪ್ಪಲೆಂದು. ಅಂದಿನ ಎಂಜಿನಿಯರುಗಳಿಗೆ ಅದು ನೈರ್ಮಲ್ಯದ ಕಾಮಗಾರಿ. ಇಂದಿನ ನಮಗೆ ಆ ರಸ್ತೆ, ಅದರ ಬದಿಯ ದೇವರಾಜ ಮಾರುಕಟ್ಟೆ, ತುದಿಯ ಚಿಕ್ಕ ಗಡಿಯಾರ ಎಲ್ಲ ಸೇರಿ ಮೈಸೂರಿನ ಪರಂಪರೆ.

ಮೈಸೂರನ್ನು ಪಾರಂಪರಿಕ ನಗರಿ ಎಂದು ಕರೆಯುವಾಗ ಈ ಸಂಗತಿ ನಮ್ಮ ನೆನಪಿಗೆ ಬರುವುದಿಲ್ಲ. ಪರಂಪರೆ ಎಂದರೆ ಅರಮನೆ, ಗುಮ್ಮಟ, ಕಮಾನು. ನಗರ ಯೋಜನೆ ಎಂದರೆ ಬಡಾವಣೆ, ಸೈಟು, ವರ್ತುಲ ರಸ್ತೆ. ಒಂದನ್ನು ಪುರಾತತ್ವ ಇಲಾಖೆಗೆ, ಇನ್ನೊಂದನ್ನು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಒಪ್ಪಿಸಿ ಕೂತಿದ್ದೇವೆ. ಮೈಸೂರು ರೂಪುಗೊಂಡ ಕಾಲದಲ್ಲಿ ಇವೆರಡೂ ಒಂದೇ ಕೆಲಸವಾಗಿದ್ದವು. ಎರಡನ್ನೂ ಬೇರೆ ಬೇರೆ ಕಡತಗಳಿಗೆ ಹಂಚಿದ ಮೇಲೆಯೇ ಕಟ್ಟಡಗಳು ಬೀಳತೊಡಗಿದವು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

1891ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 74 ಸಾವಿರದಷ್ಟಿತ್ತು. 1901ಕ್ಕೆ ಅದು 68 ಸಾವಿರಕ್ಕೆ ಇಳಿಯಿತು. ಆ ಹತ್ತು ವರ್ಷಗಳಲ್ಲಿ ಊರು ಎರಡು ದೊಡ್ಡ ಪೆಟ್ಟು ತಿಂದಿತ್ತು. 1897ರಲ್ಲಿ ರಾಜಕುಮಾರಿಯ ಮದುವೆಯ ಸಂಭ್ರಮದ ನಡುವೆ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಮರುವರ್ಷ ಪ್ಲೇಗು ಬಂತು. ಇಕ್ಕಟ್ಟಾದ ಕೇರಿಗಳು, ಗಾಳಿ ಬೆಳಕಿಲ್ಲದ ಮನೆಗಳು, ಬಯಲು ಚರಂಡಿಗಳ ಊರಲ್ಲಿ ರೋಗ ಹೇಗೆ ಹಬ್ಬುತ್ತದೆ ಎಂಬುದನ್ನು ಜನ ಹೆಣ ಎತ್ತುತ್ತಾ ಕಲಿತರು.

ಹೊಸ ಅರಮನೆಯ ನಕ್ಷೆ ಬರೆಯಲು ಹೆನ್ರಿ ಇರ್ವಿನ್ ಬಂದರು, 1912ರ ಹೊತ್ತಿಗೆ ಕಟ್ಟಡ ಮುಗಿಯಿತು ಎಂಬುದು ಪ್ರವಾಸಿಗರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಅದೇ ಕಾಲದಲ್ಲಿ, 1903ರಲ್ಲಿ, ಹುಟ್ಟಿದ ನಗರ ಸುಧಾರಣಾ ಟ್ರಸ್ಟ್ ಮಂಡಳಿಯ ಕೆಲಸ. ಜನರ ಬಾಯಲ್ಲಿ ಇವತ್ತಿಗೂ ಅದು ‘ಸಿಐಟಿಬಿ’. ಪ್ಲೇಗಿನ ಹೊಡೆತಕ್ಕೆ ಸಿಕ್ಕ ಮುಂಬಯಿಯಲ್ಲಿ 1898ರಲ್ಲಿ ಇಂಥದೇ ಟ್ರಸ್ಟ್ ಆಗಿತ್ತು. ಅದಾದ ಕೆಲವೇ ವರ್ಷಗಳಲ್ಲಿ ಮೈಸೂರೂ ಆ ದಾರಿ ಹಿಡಿಯಿತು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಮುಂತಾದ ಬಡಾವಣೆಗಳ ನೇರ ಬೀದಿ, ಮನೆಯ ಸುತ್ತ ಬಿಟ್ಟ ಜಾಗ, ಸಾಲುಮರ, ಉದ್ಯಾನ, ವೃತ್ತಕ್ಕೊಂದು ವಿಶಾಲತೆ ಎಲ್ಲವೂ ಆ ಕಾಲದ ನಗರಚಿಂತನೆಯ ಫಲ. 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ಮೈಸೂರು ದೇಶಕ್ಕೇ ಮೊದಲ ಸ್ಥಾನ ಪಡೆಯಿತು. ಆ ಗೌರವದಲ್ಲಿ ಪೌರಕಾರ್ಮಿಕರ ದುಡಿಮೆಯ ಜೊತೆಗೆ, ನೂರು ವರ್ಷದ ಹಿಂದೆ ಊರಿನ ಇಳಿಜಾರು ನೋಡಿ ಚರಂಡಿ ಹಾಕಿದವರ ಪಾಲೂ ಇದೆ.

ಆದರೆ ಆ ಕಾಲವನ್ನು ಬರೀ ಹೊಗಳಿ ಮುಂದೆ ಹೋಗುವುದು ಸರಿಯಲ್ಲ. ಇವತ್ತು ಅರಮನೆಯ ಸುತ್ತ ಕಾಣುವ ವಿಶಾಲ ಬಯಲು ಮೊದಲಿನಿಂದಲೂ ಬಯಲಾಗಿರಲಿಲ್ಲ. ಕೋಟೆಯೊಳಗೆ ಒಂದು ಊರೇ ಇತ್ತು. ಒತ್ತೊತ್ತಾದ ಮನೆ, ಬೀದಿ, ನೂರಾರು ಸಂಸಾರ. ಬೆಂಕಿ, ಪ್ಲೇಗುಗಳ ನಂತರ ಅದನ್ನು ತೆರವು ಮಾಡಿ ಜನರನ್ನು ಹೊಸ ಬಡಾವಣೆಗಳಿಗೆ ಕಳಿಸಲಾಯಿತು, ಕಂದಕ ಮುಚ್ಚಲಾಯಿತು. ನಾವು ಇಂದು ಕಾಪಾಡಬೇಕೆನ್ನುವ ಆ ಭವ್ಯ ನೋಟ ಇನ್ನೊಂದು ಪರಂಪರೆಯನ್ನು ಅಳಿಸಿ ಮೂಡಿದ್ದು. ಹೊಸ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಬೆನ್ನು ಹಚ್ಚಿ ಓಡುವ ಕಿರಿದಾದ ಹಿತ್ತಲ ಗಲ್ಲಿಗಳನ್ನು ನೋಡಿ. ಮೈಸೂರಿನವರು ಅವನ್ನು ಕನ್ಸರ್ವೆನ್ಸಿ ಎನ್ನುತ್ತಾರೆ. ಮಲ ಹೊರುವ ಕೆಲಸಕ್ಕೆ ದೂಡಲ್ಪಟ್ಟ ಜನ ಮುಂಬಾಗಿಲಿಗೆ ಕಾಣದಂತೆ ಬಂದುಹೋಗಲಿ ಎಂದು ಬಿಟ್ಟ ದಾರಿ ಅದು. ನೈರ್ಮಲ್ಯದ ಜಾಣ್ಮೆಯೂ ಜಾತಿಯ ಕ್ರೌರ್ಯವೂ ಒಂದೇ ನಕ್ಷೆಯಲ್ಲಿ ಒಂದೇ ಗೆರೆಯಾಗಿ ನಿಂತಿವೆ. ಈಗ ಕೆಲವು ಕನ್ಸರ್ವೆನ್ಸಿಗಳು ಒತ್ತುವರಿಯಾಗಿವೆ, ಕೆಲವು ಕಸದ ತಿಪ್ಪೆಯಾಗಿವೆ, ಕೆಲವು ಸ್ಕೂಟರ್ ನಿಲ್ಲಿಸುವ ಜಾಗ. ಪಾರಂಪರಿಕ ಕಟ್ಟಡಗಳ ಪಟ್ಟಿ ಮಾಡುವವರು ಈ ಗಲ್ಲಿಗಳತ್ತ ತಲೆಹಾಕುವುದಿಲ್ಲ. ಆ ನೋವಿನ ಚರಿತ್ರೆಯನ್ನು ಮುಚ್ಚಿಡದೆ, ಹಿರಿಯರು ಮಕ್ಕಳು ವಾಹನಗಳ ಭಯವಿಲ್ಲದೆ ನಡೆದಾಡುವ ದಾರಿಯಾಗಿ ಇವನ್ನು ಮರಳಿ ಊರಿಗೆ ಕೊಡಬಹುದು.

ಈಗ ದೇವರಾಜ ಮಾರುಕಟ್ಟೆಗೆ ಬರೋಣ. ಈ ಇಡೀ ಚರ್ಚೆಯ ಗಂಟು ಬಿದ್ದಿರುವುದು ಅಲ್ಲೇ.

ವಾರದ ಸಂತೆಯಾಗಿ ಶುರುವಾದ ಜಾಗ ಅದು. 19ನೇ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಡದ ರೂಪ ಪಡೆದು, ಆಮೇಲೆ ಉದ್ದಕ್ಕೂ ಬೆಳೆಯಿತು. ದಕ್ಷಿಣಕ್ಕೆ 1886ರಲ್ಲಿ ವೈಸರಾಯ್ ಡಫರಿನ್ ಭೇಟಿಯ ನೆನಪಿಗೆ ಕಟ್ಟಿದ ಚಿಕ್ಕ ಗಡಿಯಾರ, ಉತ್ತರಕ್ಕೆ ಧನ್ವಂತರಿ ರಸ್ತೆ, ನಡುವೆ 800ಕ್ಕೂ ಹೆಚ್ಚು ಅಂಗಡಿ. ಎದುರಿನ ಲ್ಯಾನ್ಸ್‌ಡೌನ್ ಕಟ್ಟಡ 1892ರ ಸುಮಾರಿನದು. ಇದೂ ಒಬ್ಬ ವೈಸರಾಯ್ ಹೆಸರು ಹೊತ್ತದ್ದು. ಕುಂಕುಮ, ಅರಿಸಿನದ ಗುಡ್ಡೆಗಳ ಫೋಟೊ ತೆಗೆದುಕೊಂಡು ಹೋಗುವ ವಿದೇಶಿಯರಿಗೆ ಮಾರುಕಟ್ಟೆ ಒಂದು ಬಣ್ಣದ ನೋಟ. ಊರಿನವರಿಗೆ ಅದು ಹಬ್ಬದ ಹಿಂದಿನ ದಿನದ ಬಾಳೆಕಂದು, ಮೊಳ ಲೆಕ್ಕದ ಮೈಸೂರು ಮಲ್ಲಿಗೆ, ಕಟ್ಟು ಲೆಕ್ಕದ ವೀಳ್ಯದೆಲೆ, ನಂಜನಗೂಡು ರಸಬಾಳೆ ಬಂದಿದೆಯೇ ಎಂಬ ವಿಚಾರಣೆ. ಹೂವು, ಎಲೆ, ಬಾಳೆ ಈ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಸುತ್ತಲ ತೋಟಗಳಲ್ಲಿ ಬೆಳೆದದ್ದಕ್ಕೆ ಊರ ನಡುವೆ ಇಷ್ಟು ಹತ್ತಿರದಲ್ಲಿ ಒಂದು ಬಿಡಿ ಮಾರಾಟದ ನೆಲೆ ಇರುವುದರಿಂದಲೇ ಆ ಬೆಳೆಗಳು ಬದುಕಿವೆ. ಯೋಜನೆಯ ಭಾಷೆಯಲ್ಲಿ ಹೇಳಿದರೆ ಮಾರುಕಟ್ಟೆ ನಗರ ಮತ್ತು ಹಳ್ಳಿಯನ್ನು ಜೋಡಿಸುವ ಒಂದು ಸೌಕರ್ಯ. ಸೇತುವೆ ಬಿರುಕು ಬಿಟ್ಟರೆ ಎಂಜಿನಿಯರುಗಳು ಓಡಿ ಬರುತ್ತಾರೆ. ಮಾರುಕಟ್ಟೆಯ ತಾರಸಿ ಸೋರಿದಾಗ ಯಾರೂ ಬರಲಿಲ್ಲ.

2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್ 28, ಭಾನುವಾರ, ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಕುಸಿಯಿತು. ಆ ಹೊತ್ತಿಗೆ ಅಲ್ಲಿ ದುರಸ್ತಿ ಕಾಮಗಾರಿ ನಡೆಯುತ್ತಿತ್ತು. ಎರಡೂ ಬಿದ್ದದ್ದು ಆಗಸ್ಟಿನಲ್ಲಿ, ಮಳೆಗಾಲದಲ್ಲಿ. ಮಳೆಯನ್ನು ದೂರುವುದು ಸುಲಭ. ಆದರೆ ನೂರಿಪ್ಪತ್ತು ಮಳೆಗಾಲ ತಾಳಿಕೊಂಡ ಗೋಡೆ ಈಗೇಕೆ ತಾಳಲಿಲ್ಲ ಎಂದು ಕೇಳಿಕೊಂಡರೆ ಉತ್ತರ ಗೋಡೆಯೊಳಗೇ ಇದೆ.

ಈ ಕಟ್ಟಡಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಚಾವಣಿ ಮದ್ರಾಸ್ ತಾರಸಿ. ಮರದ ತೊಲೆ, ಅದರ ಮೇಲೆ ಜಂತೆ, ಜಂತೆಯ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿ ಸುಣ್ಣದಲ್ಲಿ ಬಿಗಿಯುವ ಕೆಲಸ. ಸುಣ್ಣವನ್ನು ನೆನೆಸಿ, ಕೊಳೆಸಿ, ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸುತ್ತಿದ್ದ ಕಾಲವದು. ಇಂಥ ಗೋಡೆ ತೇವ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ಒಳಗೆ ಸೇರಿದ ನೀರಿಗೆ ಹೊರಗೆ ಬರುವ ದಾರಿ ಮುಚ್ಚುತ್ತದೆ. ಸುಣ್ಣ ಒಳಗೊಳಗೇ ಪುಡಿಯಾಗುತ್ತದೆ, ತೊಲೆಯ ತುದಿ ಗೋಡೆಯೊಳಗೆ ಕೊಳೆಯುತ್ತದೆ. ಮೇಲೆ ತಾರಸಿ ಸೋರುತ್ತದೆಂದು ಇನ್ನೊಂದು ಪದರ ಕಾಂಕ್ರೀಟು ಹಾಕಿದರೆ ಆ ಭಾರವನ್ನೂ ಅದೇ ತೊಲೆ ಹೊರಬೇಕು. ಸಂದಿಯಲ್ಲಿ ಒಂದು ಅರಳಿ ಸಸಿ ಮೊಳೆತರೆ ಯಾರೂ ಕೀಳುವುದಿಲ್ಲ, ದೈವದ ಮರವೆಂದು ಒಬ್ಬರು, ತನ್ನ ಇಲಾಖೆಯ ಕೆಲಸವಲ್ಲವೆಂದು ಇನ್ನೊಬ್ಬರು. ಅಂಗಡಿಯವರು ಜಾಗ ಸಾಲದೆಂದು ಒಳಗೋಡೆ ಕೊರೆಯುತ್ತಾರೆ, ಅಟ್ಟ ಹಾಕುತ್ತಾರೆ. ಹಳೆಯ ಕಟ್ಟಡಗಳು ಮುದಿತನದಿಂದ ಸಾಯುವುದು ಅಪರೂಪ. ತಪ್ಪು ಔಷಧ ಕೊಟ್ಟು ಕೊಲ್ಲುತ್ತೇವೆ.

ಈ ತಪ್ಪು ಔಷಧ ಬರುವುದು ಎಲ್ಲಿಂದ? ಸರ್ಕಾರಿ ಕಾಮಗಾರಿ ನಡೆಯುವುದು ದರಪಟ್ಟಿಯ ಪ್ರಕಾರ. ಟೆಂಡರು ಕಡಿಮೆ ದರದವರಿಗೆ. ಕಾಂಕ್ರೀಟ್ ಕಟ್ಟಡಕ್ಕೂ ಸುಣ್ಣದ ಕಟ್ಟಡಕ್ಕೂ ಅದೇ ಗುತ್ತಿಗೆದಾರ, ಅದೇ ಮೇಸ್ತ್ರಿ, ಅದೇ ಸಿಮೆಂಟು. ಗಾರೆ ಅರೆಯಬಲ್ಲವರಿಗೆ ಕೂಲಿ ಹೆಚ್ಚು, ದಿನ ಹೆಚ್ಚು. ಕೆಲಸ ಸಿಗದೆ ಅವರ ಮಕ್ಕಳು ಬೇರೆ ದಾರಿ ಹಿಡಿದಿದ್ದಾರೆ. ಇನ್ನು ಬಾಡಿಗೆ. ಸ್ಥಳೀಯ ಸಂಸ್ಥೆಗಳ ಹಳೆಯ ಮಳಿಗೆಗಳ ಬಾಡಿಗೆ ಎಷ್ಟೋ ವರ್ಷಗಳಿಂದ ಪೇಟೆಯ ದರಕ್ಕಿಂತ ತೀರಾ ಕೆಳಗಿರುತ್ತದೆ. ಬಂದ ಅಲ್ಪ ಹಣವೂ ಸಾಮಾನ್ಯ ಖಾತೆಗೆ ಸೇರಿ ಸಂಬಳ, ಬೀದಿದೀಪಗಳಲ್ಲಿ ಕರಗುತ್ತದೆ. ಆ ಕಟ್ಟಡದ ಹೆಸರಿನಲ್ಲಿ ದುರಸ್ತಿ ನಿಧಿ ಎಂಬುದೊಂದು ಇರುವುದಿಲ್ಲ. ಸೋರಿಕೆ ಕಂಡಾಗ ಬಕೆಟ್ ಇಡುವುದು, ಕುಸಿದಾಗ ಕೋಟಿಗಳ ಅಂದಾಜು ಪಟ್ಟಿ ತಯಾರಿಸುವುದು. ಎರಡರ ನಡುವೆ ಬರಬೇಕಾದ ವರ್ಷವರ್ಷದ ಸಣ್ಣ ಖರ್ಚಿಗೆ ನಮ್ಮ ಬಜೆಟ್ಟಿನಲ್ಲಿ ತಲೆಬರಹವೇ ಇಲ್ಲ.

ಮಾರುಕಟ್ಟೆ ಬಿದ್ದ ಮೇಲೆ ಕೆಡವಿ ಅದೇ ಮಾದರಿಯಲ್ಲಿ ಹೊಸದು ಕಟ್ಟಬೇಕೆಂದು ಒಂದು ತಜ್ಞರ ಗುಂಪು ಹೇಳಿತು. ಉಳಿದ ಭಾಗವನ್ನು ಗಟ್ಟಿಮಾಡಿ ಉಳಿಸಬಹುದೆಂದು ಪರಂಪರೆ ಸಂರಕ್ಷಣೆಯ ಸಂಸ್ಥೆಯಾದ ಇಂಟ್ಯಾಕ್ ಸೇರಿದಂತೆ ಇನ್ನೊಂದು ಗುಂಪು ಹೇಳಿತು. ವಿವಾದ ಹೈಕೋರ್ಟಿನ ಮೆಟ್ಟಿಲೇರಿತು. ನಾನು ಉಳಿಸುವವರ ಕಡೆ. ಅದಕ್ಕೆ ಭಾವುಕತೆಗಿಂತ ದೊಡ್ಡ ಕಾರಣವಿದೆ. ಕೆಡವುವುದೆಂದರೆ ಎಂಟುನೂರು ಅಂಗಡಿಗಳನ್ನು ಎಷ್ಟು ವರ್ಷವೆಂದು ಗೊತ್ತಿಲ್ಲದೆ ಎಲ್ಲೋ ಸ್ಥಳಾಂತರಿಸುವುದು. ಹೂವಿನವರು, ಎಲೆಯವರು ದಿನದ ದುಡಿಮೆಯ ಜನ. ಗಿರಾಕಿಯ ಕಾಲುದಾರಿ ಒಮ್ಮೆ ತಪ್ಪಿದರೆ ಮತ್ತೆ ಸಿಗುವುದಿಲ್ಲ. ಹೊಸ ಕಟ್ಟಡ ಮೇಲೇಳುವಾಗ ನೆಲಮಾಳಿಗೆಯಲ್ಲಿ ಪಾರ್ಕಿಂಗ್, ಮೇಲೊಂದು ಮಹಡಿ ಎಂಬ ಲೆಕ್ಕ ಶುರುವಾಗುತ್ತದೆ. ಮೂಲ ಮಾದರಿಯ ಮುಂಭಾಗ ಉಳಿಯಬಹುದು, ಆದರೆ ಒಳಗಿನ ಬಾಡಿಗೆ ಹೂವು ಮಾರುವವರ ಕೈಗೆಟುಕುವುದಿಲ್ಲ. ಹಂತಹಂತವಾಗಿ, ಒಂದೊಂದು ಸಾಲನ್ನು ಮಾತ್ರ ಖಾಲಿಮಾಡಿ, ರಿಪೇರಿಯಾದ ಸಾಲಿಗೆ ಅದೇ ಅಂಗಡಿಯವರನ್ನು ವಾಪಸ್ ಕೂರಿಸುವ ದಾರಿ ನಿಧಾನದ್ದು. ಮಾರುಕಟ್ಟೆಯನ್ನು ಮಾರುಕಟ್ಟೆಯಾಗಿಯೇ ಉಳಿಸುವ ದಾರಿಯೂ ಅದೊಂದೇ.

ಕಾನೂನು ಏನು ಹೇಳುತ್ತದೆ? ಹಳೆಯದೆಲ್ಲವನ್ನೂ ಸರ್ಕಾರ ಕಾಪಾಡುತ್ತದೆಂದು ಜನ ನಂಬಿದ್ದಾರೆ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕಗಳಿಗೆ 1958ರ ಕಾಯ್ದೆಯಿದೆ. 2010ರ ತಿದ್ದುಪಡಿಯ ನಂತರ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಕಾನೂನಿನ ರಕ್ಷಣೆಗೆ ಎಷ್ಟು ಬಲವಿದೆಯೆಂದು ಮೈಸೂರಿನಿಂದ ಹದಿನೈದು ಕಿಲೋಮೀಟರ್ ದೂರದ ಶ್ರೀರಂಗಪಟ್ಟಣದಲ್ಲಿ ನೋಡಬಹುದು. ಬೆಂಗಳೂರು-ಮೈಸೂರು ಜೋಡಿ ರೈಲು ಹಳಿಗೆ ಟಿಪ್ಪುವಿನ ಮದ್ದಿನ ಮನೆಯೊಂದು ಅಡ್ಡ ಬಂತು. ಹಳಿಯ ಕೆಲಸ ಆ ತುಣುಕಿನಲ್ಲಿ ವರ್ಷಗಟ್ಟಲೆ ನಿಂತಿತು. ಕೊನೆಗೆ 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಬುಡಸಮೇತ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಮೆಲ್ಲನೆ ಸರಿಸಿ ಕೂರಿಸಿದರು. ಪಕ್ಕದ ಮೈಸೂರಿನ ಬೀದಿಗಳಲ್ಲಿ ನಿಂತ ಬಹುಪಾಲು ಕಟ್ಟಡಗಳಿಗೆ ಈ ರಕ್ಷಣೆಯ ನೆರಳೂ ಇಲ್ಲ. ಅವು ಪಾಲಿಕೆಯವು, ವಿಶ್ವವಿದ್ಯಾಲಯದವು, ಬೇರೆ ಬೇರೆ ಇಲಾಖೆಗಳವು, ಖಾಸಗಿಯವು. ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಇನ್ನೂರಕ್ಕೂ ಹೆಚ್ಚು ಹೆಸರುಗಳಿವೆ. ಪಟ್ಟಿಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ಒಂದು ಹೆಂಚೂ ಬದಲಾಗುವುದಿಲ್ಲ.

ನಿಜವಾದ ಅಧಿಕಾರ ಇರುವುದು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ. 1961ರ ಆ ಕಾಯ್ದೆಗೆ ಪಾರಂಪರಿಕ ಕಟ್ಟಡ, ಪಾರಂಪರಿಕ ಪ್ರದೇಶ ಎಂಬ ಮಾತುಗಳನ್ನು ಆಮೇಲೆ ಸೇರಿಸಿದ್ದಾರೆ. ಮಾಸ್ಟರ್ ಪ್ಲಾನ್ ಬರೆಯುವವರು ಮನಸ್ಸು ಮಾಡಿದರೆ ಯಾವ ಬೀದಿಯಲ್ಲಿ ಎಷ್ಟು ಎತ್ತರ, ರಸ್ತೆಯಿಂದ ಎಷ್ಟು ಹಿಂದೆ, ಯಾವ ಉಪಯೋಗ ಎಂದು ಗೊತ್ತುಮಾಡಬಹುದು. ಸಿಐಟಿಬಿಯ ವಾರಸುದಾರನಾಗಿ 1988ರಲ್ಲಿ ಹುಟ್ಟಿದ ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲೇ ಈ ಲೇಖನಿ ಇತ್ತು. ಪ್ರಾಧಿಕಾರದ ಗಮನ ಪೂರ್ತಿ ಸೈಟು ಹಂಚುವ ಕಡೆ ಹೋಯಿತು. ನೂರು ವರ್ಷದ ಹಿಂದಿನ ಮಂಡಳಿ ಸೈಟು ಮಾಡುವಾಗಲೇ ಊರನ್ನೂ ಮಾಡುತ್ತಿತ್ತು.

ಬಹಳ ಜನ ಗಮನಿಸದ ಒಂದು ಹಾನಿ ಕಟ್ಟಡ ನಿಯಮಗಳಿಂದಲೇ ಆಗುತ್ತದೆ. ಹಳೆಯ ಪೇಟೆಬೀದಿಯ ಮನೆಗಳು ಜಗಲಿಯಿಂದ ನೇರ ಬೀದಿಗೆ ಇಳಿಯುತ್ತವೆ. ಗೋಡೆಗೆ ಗೋಡೆ ಹಂಚಿಕೊಂಡು ನಿಲ್ಲುತ್ತವೆ. ಅಂಥ ಒಂದು ಮನೆ ಕೆಡವಿ ಕಟ್ಟುವವರಿಗೆ ಮುಂದೆ ಇಷ್ಟು, ಪಕ್ಕದಲ್ಲಿ ಇಷ್ಟು ಸೆಟ್‌ಬ್ಯಾಕ್ ಬಿಡಿ, ಕಾರಿಗೆ ಜಾಗ ತೋರಿಸಿ ಎಂಬ ನಿಯಮ ಅಡ್ಡ ಬರುತ್ತದೆ. ಹೊಸ ಮನೆ ಹಿಂದೆ ಸರಿದು ಮುಂದೆ ಗೇಟು, ಕಾರು ಕಾಣುತ್ತವೆ. ಬೀದಿಯ ಸಾಲು ಮುರಿಯುತ್ತದೆ, ನೆರಳು ಹೋಗುತ್ತದೆ, ಜಗಲಿಯಲ್ಲಿ ಕೂತು ಬೀದಿ ನೋಡುವ ಕಣ್ಣು ಇಲ್ಲವಾಗುತ್ತದೆ. ಹೊರವಲಯದ ಬಡಾವಣೆಗೆ ಬರೆದ ನಿಯಮವನ್ನು ಇನ್ನೂರು ವರ್ಷದ ಬೀದಿಗೆ ಹೊಲಿಸಿ ತೊಡಿಸಿದ್ದೇವೆ. ಅಗ್ರಹಾರದ ಬೀದಿಗೆ, ಮಂಡಿ ಮೊಹಲ್ಲಾಕ್ಕೆ, ಲಷ್ಕರ್ ಮೊಹಲ್ಲಾಕ್ಕೆ ಅವುಗಳ ನಡೆನುಡಿಗೆ ಹೊಂದುವ ಬೇರೆಯದೇ ನಿಯಮ ಬೇಕು. ಅದನ್ನು ಬರೆಯುವುದು ದುಬಾರಿ ಕೆಲಸವಲ್ಲ. ಒಂದು ವರ್ಷ ಬೀದಿ ಅಳೆದು, ಮನೆಯವರ ಜೊತೆ ಕೂತು ಮಾತಾಡುವ ತಾಳ್ಮೆ ಸಾಕು.

ಮನೆ ಮಾಲೀಕರ ಪ್ರಶ್ನೆಯನ್ನೂ ಪ್ರಾಮಾಣಿಕವಾಗಿ ಎದುರಿಸಬೇಕು. ಲಕ್ಷ್ಮೀಪುರಂನ ಒಂದು ಹಂಚಿನ ಬಂಗಲೆಗೆ ಇವತ್ತು ನಾಲ್ಕೈದು ವಾರಸುದಾರರು. ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಅಮೆರಿಕದಲ್ಲಿ, ಇನ್ನೊಬ್ಬರು ವಯಸ್ಸಾದ ತಾಯಿಯ ಜೊತೆ ಅದೇ ಮನೆಯಲ್ಲಿ. ಪಾಲು ಆಗಬೇಕು, ಪಾಲಾಗಬೇಕೆಂದರೆ ಮಾರಬೇಕು. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ ಎರಡು ಊರುಗಳ ದೂರ ಇನ್ನಷ್ಟು ಕುಗ್ಗಿದೆ, ಅಪಾರ್ಟ್‌ಮೆಂಟ್ ಕಟ್ಟುವವರ ಕಣ್ಣು ಇತ್ತ ಹೊರಳಿದೆ. ಆ ಜಾಗದಲ್ಲಿ ನಾಲ್ಕು ಮಹಡಿ ಏಳಬಹುದೆಂದು ನಿಯಮವೇ ಹೇಳಿದರೆ ಒಂದಂತಸ್ತಿನ ಬಂಗಲೆಗೆ ಬೆಲೆ ಕಟ್ಟುವವರು ಅದರಡಿಯ ನೆಲಕ್ಕೆ ಮಾತ್ರ ಬೆಲೆ ಕಟ್ಟುತ್ತಾರೆ. ಅಂಥ ಮಾಲೀಕರಿಗೆ ‘ಇದು ಪರಂಪರೆ, ಮುಟ್ಟಬೇಡಿ’ ಎಂದು ನೋಟಿಸು ಕೊಟ್ಟು ಸುಮ್ಮನಾದರೆ ಅವರು ಮಳೆಗಾಲಕ್ಕೆ ಕಾಯುತ್ತಾರೆ. ಹೆಂಚು ಜಾರಲಿ, ಗೋಡೆ ನೆನೆಯಲಿ, ಅಪಾಯಕಾರಿ ಕಟ್ಟಡವೆಂದು ಪಾಲಿಕೆಯೇ ಬರೆದುಕೊಡಲಿ ಎಂದು. ಊರಿನ ಸಂತೋಷಕ್ಕೆ ಒಂದು ಮನೆ ಉಳಿಯಬೇಕಾದರೆ ಅದರ ನಷ್ಟವನ್ನು ಊರೂ ಹಂಚಿಕೊಳ್ಳಬೇಕು.

ಅಹಮದಾಬಾದು ಈ ವಿಷಯದಲ್ಲಿ ನಮಗಿಂತ ಮುಂದಿದೆ. ಅಲ್ಲಿನ ಕೋಟೆಯೊಳಗಿನ ಪೋಳ್‌ಗಳು, ಅಂದರೆ ಒಂದೇ ಬಾಗಿಲಿನ ಕಿರುಕೇರಿಗಳು, ಕೆತ್ತನೆಯ ಮರದ ಮನೆಗಳಿಗೆ ಹೆಸರಾದವು. 1996ರಲ್ಲೇ ಅಲ್ಲಿನ ಮಹಾನಗರ ಪಾಲಿಕೆ ತನ್ನೊಳಗೆ ಪರಂಪರೆಯ ಘಟಕ ತೆರೆಯಿತು, ಮರುವರ್ಷ ಪೋಳ್‌ಗಳ ಪಾರಂಪರಿಕ ನಡಿಗೆ ಶುರುವಾಯಿತು. 2017ರಲ್ಲಿ ಭಾರತದ ಮೊದಲ ವಿಶ್ವ ಪರಂಪರೆ ನಗರವೆಂಬ ಮನ್ನಣೆ ಬಂತು. ಅಲ್ಲಿ ಪಟ್ಟಿಯಾದ ಮನೆಯ ಮಾಲೀಕರು ತಾವು ಕಟ್ಟದೆ ಬಿಟ್ಟ ಮಹಡಿಗಳ ಹಕ್ಕನ್ನು ಊರಿನ ಬೇರೆ ಭಾಗದಲ್ಲಿ ಎತ್ತರ ಕಟ್ಟುವವರಿಗೆ ಮಾರಬಹುದು. ಆ ಹಣ ಹಳೆಯ ಮನೆಯ ರಿಪೇರಿಗೆ ಒದಗುತ್ತದೆ. ಇದು ಸಕಲರೋಗ ನಿವಾರಕವಲ್ಲ. ಅಲ್ಲೂ ಪೋಳ್‌ಗಳು ಖಾಲಿಯಾಗುತ್ತಿವೆ, ಮನೆಗಳು ಗೋದಾಮುಗಳಾಗುತ್ತಿವೆ. ಆದರೂ ಪರಂಪರೆ ಎಂಬುದನ್ನು ಎಫ್‌ಎಆರ್, ಅಂದರೆ ನಿವೇಶನದ ಅಳತೆಗೆ ಎಷ್ಟು ಕಟ್ಟಬಹುದೆಂಬ, ಲೆಕ್ಕದ ಒಳಗೆ ತಂದದ್ದು ದೊಡ್ಡ ಹೆಜ್ಜೆ. ಮೈಸೂರಿನ ವರ್ತುಲ ರಸ್ತೆಯಾಚೆ ಎತ್ತರಕ್ಕೆ ಕಟ್ಟಲು ಹಾತೊರೆಯುವವರಿದ್ದಾರೆ, ಒಳಗೆ ಎತ್ತರ ಕಟ್ಟಬಾರದ ಬೀದಿಗಳಿವೆ. ಈ ಎರಡನ್ನೂ ಒಂದು ದಾರದಲ್ಲಿ ಕಟ್ಟುವುದು ಯೋಜನೆ ಮಾಡುವವರ ಕೆಲಸ, ಪುರಾತತ್ವ ಇಲಾಖೆಯ ಕೈಯಲ್ಲಿ ಆಗುವಂಥದ್ದಲ್ಲ.

ಕಟ್ಟಡ ಉಳಿಸಿ ಜನರನ್ನು ಕಳೆದುಕೊಂಡ ಊರುಗಳೂ ಇವೆ. ಮಲೇಷ್ಯಾದ ಜಾರ್ಜ್‌ಟೌನಿನಲ್ಲಿ ಕೆಳಗೆ ಅಂಗಡಿ, ಮೇಲೆ ಮನೆಯಾಗಿದ್ದ ಸಾಲುಕಟ್ಟಡಗಳಲ್ಲಿ ತಲೆಮಾರುಗಳಿಂದ ಚೀನೀ, ತಮಿಳು, ಮಲಯ್ ಕಸುಬುದಾರರು ಇದ್ದರು. ಬಾಡಿಗೆ ನಿಯಂತ್ರಣ 2000ರ ಆರಂಭಕ್ಕೆ ಕೊನೆಗೊಂಡಿತು. ಬಾಡಿಗೆ ಏರಿತು, ಹಳಬರು ಹೊರಟರು. 2008ರಲ್ಲಿ ವಿಶ್ವ ಪರಂಪರೆಯ ಪಟ್ಟ ಬಂದಾಗ ಆ ಮನೆಗಳಲ್ಲಿ ಹೋಟೆಲು, ಕೆಫೆಗಳಿಗೆ ಜಾಗ ಸಿದ್ಧವಾಗಿತ್ತು. ಇಟಲಿಯ ಬೊಲೋನ್ಯ ನಗರ ಇದಕ್ಕೆ ವಿರುದ್ಧವಾದ ದಾರಿ ಹಿಡಿದದ್ದು 1969ರ ಯೋಜನೆಯಿಂದ. ಹಳೆಯ ಊರಿನ ಮನೆಗಳನ್ನು ರಿಪೇರಿ ಮಾಡುವುದು ಎಷ್ಟು ಮುಖ್ಯವೋ ಅಲ್ಲಿನ ಬಡ ಬಾಡಿಗೆದಾರರು ಅಲ್ಲೇ ಉಳಿಯುವುದೂ ಅಷ್ಟೇ ಮುಖ್ಯ ಎಂದು ಅದು ಪಟ್ಟುಹಿಡಿಯಿತು. ನಮ್ಮಲ್ಲೇ ಹಂಪಿಯನ್ನು ನೆನೆಯಿರಿ. 2011ರ ಜುಲೈ ಕೊನೆಯಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಿಗೆ ತಗುಲಿ ಕಟ್ಟಿಕೊಂಡಿದ್ದ ಅಂಗಡಿ, ಮನೆಗಳ ಮೇಲೆ ಬುಲ್ಡೋಜರ್ ಹರಿಯಿತು. ನೂರಾರು ಸಂಸಾರಗಳು ಬೀದಿಗೆ ಬಂದವು. ಸ್ಮಾರಕಕ್ಕೆ ಧಕ್ಕೆಯಾಗುತ್ತಿತ್ತು ಎಂಬುದು ಸುಳ್ಳಲ್ಲ. ಆದರೆ ಅದು ಬಜಾರು. ಬಜಾರಿನಿಂದ ವ್ಯಾಪಾರವನ್ನೇ ಗುಡಿಸಿ ಹಾಕಿ ಕಲ್ಲುಕಂಬ ಉಳಿಸಿದಾಗ ನಾವು ಕಾಪಾಡಿದ್ದು ಏನನ್ನು ಎಂಬ ಪ್ರಶ್ನೆ ನನ್ನನ್ನು ಇವತ್ತಿಗೂ ಕಾಡುತ್ತದೆ.

ಜನರನ್ನೂ ಕೇರಿಯನ್ನೂ ಒಟ್ಟಿಗೇ ಉಳಿಸುವ ದಾರಿ ಹೊಸದಲ್ಲ. ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡೆಸ್ 1914ರಿಂದ ಹತ್ತು ವರ್ಷ ಭಾರತದ ಹತ್ತಾರು ಊರುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ವರದಿಗಳನ್ನು ಬರೆದವರು. ಇಕ್ಕಟ್ಟಿನ ಕೇರಿಯೆಂದು ಸಾಲುಸಾಲು ಮನೆ ಕೆಡವಿ ನೇರ ರಸ್ತೆ ಮಾಡುವುದು ಅಂದಿನ ಎಂಜಿನಿಯರುಗಳ ರೂಢಿ. ಗೆಡ್ಡೆಸ್ ಅದನ್ನು ಒಪ್ಪಲಿಲ್ಲ. ಅಲ್ಲೊಂದು ಬಿದ್ದ ಮನೆ ತೆಗೆದು ಗಾಳಿಗೆ ದಾರಿ ಮಾಡಿ, ಇಲ್ಲೊಂದು ಮೂಲೆ ತಗ್ಗಿಸಿ, ಬಾವಿಕಟ್ಟೆ ಸರಿಪಡಿಸಿ, ಮರ ನೆಟ್ಟು ಕೇರಿಯನ್ನು ಉಳಿಸಬಹುದೆಂದು ಲೆಕ್ಕಸಮೇತ ತೋರಿಸಿದರು. ಕೆಡವುವ ಯೋಜನೆಗಿಂತ ಅದಕ್ಕೆ ಎಷ್ಟೋ ಕಡಿಮೆ ಖರ್ಚು. ಇಂದೋರಿನಲ್ಲಿ ಅವರು ಮಾಡಿದ ಒಂದು ಪ್ರಯೋಗ ಮೈಸೂರಿನವರಿಗೆ ವಿಶೇಷವಾಗಿ ಇಷ್ಟವಾಗಬೇಕು. ಊರು ಪ್ಲೇಗಿನಿಂದ ನರಳುತ್ತಿತ್ತು. ದೀಪಾವಳಿಯ ದೊಡ್ಡ ಮೆರವಣಿಗೆ ಈ ಸಲ ಹಳೆಯ ದಾರಿಯಲ್ಲಿ ಹೋಗುವುದಿಲ್ಲ, ಯಾವ ಬೀದಿಯವರು ಮನೆ ಅಂಗಳ ಹೆಚ್ಚು ಸ್ವಚ್ಛಮಾಡಿ ರಿಪೇರಿ ಮಾಡಿಕೊಳ್ಳುತ್ತಾರೋ ಅಲ್ಲಿ ಹೋಗುತ್ತದೆ ಎಂದು ಸಾರಿಸಿದರು. ಊರಿಗೆ ಊರೇ ಪೊರಕೆ, ಸುಣ್ಣ ಹಿಡಿದು ನಿಂತಿತು.

ದಸರೆಯ ಹೊತ್ತಿಗೆ ಮೈಸೂರಿನಲ್ಲೂ ಜಂಬೂಸವಾರಿಯ ದಾರಿಯುದ್ದಕ್ಕೂ ಗುಂಡಿ ಮುಚ್ಚುತ್ತಾರೆ, ಬಣ್ಣ ಬಳಿಯುತ್ತಾರೆ, ದೀಪ ಕಟ್ಟುತ್ತಾರೆ. ಆ ಖರ್ಚಿನ ಒಂದು ಪಾಲು ಪ್ರತಿವರ್ಷ ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು ಐದು ಕಿಲೋಮೀಟರ್ ದಾರಿಯ ಒಂದು ಕಟ್ಟಡದ ತಾರಸಿಗೆ, ಒಂದು ಸಾಲಿನ ಗಾರೆಗೆ ಮೀಸಲಾಗಲಿ. ಹತ್ತು ದಸರೆಗೆ ಹತ್ತು ಕಟ್ಟಡ. ಬಣ್ಣದ ಬಲ್ಬು ಕಿತ್ತ ಮೇಲೂ ಉಳಿಯುವ ಕೆಲಸ ಅದು.

ಇನ್ನು ಪ್ರಾಧಿಕಾರ ಮತ್ತು ಪಾಲಿಕೆ ಮಾಡಬೇಕಾದದ್ದು. ಮುಂದಿನ ಮಾಸ್ಟರ್ ಪ್ಲಾನಿನಲ್ಲಿ ಪಾರಂಪರಿಕ ಪ್ರದೇಶಕ್ಕೆ ಬರೀ ಬಣ್ಣದ ಗೆರೆ ಎಳೆಯದೆ ಬೀದಿಬೀದಿಯ ನಿಯಮ ಬರೆಯಬೇಕು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ಹನ್ನೆರಡನೇ ಅನುಸೂಚಿ ನಗರ ಯೋಜನೆಯನ್ನೂ ಊರಿನ ಸಾಂಸ್ಕೃತಿಕ, ಸೌಂದರ್ಯದ ಅಂಶಗಳನ್ನೂ ಒಟ್ಟಿಗೇ ಸ್ಥಳೀಯ ಸಂಸ್ಥೆಗಳ ಕರ್ತವ್ಯಗಳಲ್ಲಿ ಎಣಿಸಿದೆ. ಹಾಗಿದ್ದರೆ ಪಾಲಿಕೆಯೊಳಗೆ ಸುಣ್ಣದ ಗೋಡೆ ಗೊತ್ತಿರುವ ಒಬ್ಬ ಎಂಜಿನಿಯರ್, ಗಾರೆ ಕೆಲಸದ ಪ್ರತ್ಯೇಕ ದರಪಟ್ಟಿ, ಮಳೆಗಾಲಕ್ಕೆ ಮುಂಚೆ ಪ್ರತಿ ಕಟ್ಟಡದ ಚಾವಣಿ ಹತ್ತಿ ನೋಡುವ ವಾಡಿಕೆ ಇರಲೇಬೇಕು. ದೇವರಾಜ ಮಾರುಕಟ್ಟೆಯ ಬಾಡಿಗೆಯನ್ನು ಅಂಗಡಿಯವರ ಜೊತೆ ಕೂತು ನ್ಯಾಯವಾಗಿ ಪರಿಷ್ಕರಿಸಿ, ಬಂದ ಹಣವನ್ನು ಆ ಕಟ್ಟಡದ ಹೆಸರಿನ ಖಾತೆಯಲ್ಲೇ ಇಟ್ಟು, ಖರ್ಚಿನ ಲೆಕ್ಕವನ್ನು ಮಾರುಕಟ್ಟೆಯ ಬಾಗಿಲಲ್ಲಿ ತೂಗುಹಾಕಬೇಕು. ಆ ಖಾತೆಯ ಉಸ್ತುವಾರಿಯಲ್ಲಿ ಅಧಿಕಾರಿಗಳ ಪಕ್ಕದಲ್ಲಿ ಹೂವಿನವರಿಗೂ ಎಲೆಯವರಿಗೂ ಒಂದೊಂದು ಕುರ್ಚಿ ಇರಬೇಕು.